ಉಪ್ಪಿನ ಶಾಖ

ಚೈತನ್ಯಾ ಕ್ಯಾನ್ಸರಿಗಿಂತ ಹೆಚ್ಚು ಹೆದರಿದ್ದು ಬೋಳು ಎದೆಗೆ. "ಎಡಗಡೆಯದ್ದು ತೆಗೀಲಿ ಅಮ್ಮ. ಆದ್ರೆ ಎಚ್ಚರ ಆದಾಗ ಅಲ್ಲಿ ಏನಾದ್ರೂ ಇರ್ಬೇಕು," ಎಂದಿದ್ದಳು. ನವಿ ಮುಂಬೈಯ ಆಸ್ಪತ್ರೆಯಲ್ಲಿ ಹಾಗೆಯೇ ಮಾಡಿದರು. ಒಂದೇ ಆಪರೇಷನ್ನಿನಲ್ಲಿ ಮೊಲೆ ತೆಗೆದು, ಚರ್ಮದ ಕೆಳಗೆ ಸಿಲಿಕೋನಿನ ಇಂಪ್ಲಾಂಟ್ ಇಟ್ಟು ಹೊಲಿದರು.

ತಾಯಿ ಲೋಲಾಕ್ಷಿ ಕೋಪರಿಯಲ್ಲಿನ ತನ್ನ ಮನೆಗೆ ಬೀಗ ಹಾಕಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ಮಗಳ ಫ್ಲ್ಯಾಟಿಗೆ ಬಂದಳು. ಕಾರ್ಖಾನೆಗಳ ವಾಸನೆ ಒಳಗೆ ಬರದಂತೆ ಕಿಟಕಿ ಮುಚ್ಚಿ, ಬೆನ್ನಿಗೆ ದಿಂಬು ಪೇರಿಸಿ ಮಗಳನ್ನು ಅರ್ಧ ಕುಳಿತಂತೆಯೇ ಮಲಗಿಸುತ್ತಿದ್ದಳು. ಕೈ ಮೇಲೆತ್ತಬಾರದೆಂದಿದ್ದರು, ಹಾಗಾಗಿ ತಲೆ ಬಾಚುವುದೂ ಅವಳದೇ ಕೆಲಸ. ಗಾಯದ ನೀರು ಇಳಿಯುವ ನಳಿಗೆಯ ಬಾಟಲಿಯನ್ನು ನೈಟಿಗೆ ಪಿನ್ನು ಹಾಕಿ ಸಿಕ್ಕಿಸುತ್ತಿದ್ದಳು.

"ನೋಡು, ಹೊಸದೇ ಚೆನ್ನಾಗಿದೆ. ಬಲಗಡೆಯದ್ದಕ್ಕೆ ಹೊಟ್ಟೆಕಿಚ್ಚು," ಎಂದು ಕನ್ನಡಿಯ ಮುಂದೆ ಒಮ್ಮೆ ಚೈತನ್ಯಾ ನಕ್ಕಳು. ಕ್ಯಾನ್ಸರಿನ ರಿಪೋರ್ಟು ಬಂದ ಮೇಲೆ ಮಗಳು ನಕ್ಕದ್ದು ಅದೇ ಮೊದಲು.

ನಳಿಗೆ ತೆಗೆದ ಮೇಲೆ ಎದೆ ಬಿಗಿಯತೊಡಗಿತು, ಬೆನ್ನೂ ನೋಯುತ್ತಿತ್ತು. "ಯಾರೋ ಪಟ್ಟಾ ಕಟ್ಟಿ ಎಳೆದ ಹಾಗೆ ಅಮ್ಮ. ಬಹುತ್ ಟೈಟ್." ಬಿಗಿತ ಸ್ವಲ್ಪ ಕಾಲ ಇರುತ್ತದೆ, ತಾನೇ ಸಡಿಲವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಲೋಲಾಕ್ಷಿ ಜೀವಮಾನದಲ್ಲಿ ಮಾಡಿದ್ದು ಒಂದೇ ಆರೈಕೆ, ಬಾಣಂತಿಯದು. ನೊಂದ ಮೈಗೆ ಬಿಸಿ ಬೇಕು. ಅದನ್ನು ಯಾರನ್ನಾದರೂ ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅಳಿಯ ಜಯೇಶ್ ಘಣಸೋಲಿಯ ಆಫೀಸಿಗೆ ಹೋಗಿದ್ದ. ಲೋಲಾಕ್ಷಿ ಕಾವಲಿಯಲ್ಲಿ ಕಲ್ಲುಪ್ಪು ಹುರಿದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಮಗಳ ಬೆನ್ನಿಗೆ ಒತ್ತಿದಳು.

"ಹಾ, ಅಲ್ಲೇ ಅಮ್ಮ," ಚೈತನ್ಯಾ ಕಣ್ಣು ಮುಚ್ಚಿದಳು.

ಆಮೇಲೆ ಎದೆಗೆ ಒತ್ತಿದಳು. "ಬಿಸಿ ತಾಗ್ತದಾ ಮಗಾ?"

"ಇಲ್ಲ. ಏನೂ ಗೊತ್ತಾಗ್ತಿಲ್ಲ."

"ಆರಿತು ಕಾಣ್ತದೆ. ನಿಲ್ಲು."

ಉಪ್ಪನ್ನು ಇನ್ನಷ್ಟು ಕಾಯಿಸಿ ತಂದಳು. ಅಂಗೈಗೆ ಒತ್ತಿ ನೋಡಿದಳು. ವರ್ಷಗಟ್ಟಲೆ ಮೆಸ್ಸಿನ ದೋಸೆಕಾವಲಿಯ ಮುಂದೆ ನಿಂತು ದಡ್ಡುಗಟ್ಟಿದ ಕೈಗೆ ಅದು ಹದವೆನಿಸಿತು. ಮತ್ತೆ ಎದೆಗೆ ಒತ್ತಿ ಹಿಡಿದಳು. ಮಗಳು ಸಾಕು ಎನ್ನಲಿಲ್ಲ. ಸಾಕು ಎನ್ನಲಿ ಎಂದೇ ತಾಯಿ ಕಾದಿದ್ದಳು.

ಸಂಜೆ ಗುಳ್ಳೆ ಎದ್ದಿತು. ಮದ್ದು ಹಚ್ಚಿಸಿಕೊಂಡು ಬಂದರೂ ಜಾಗ ಕಪ್ಪಾಯಿತು, ಜ್ವರ ಹತ್ತಿತು. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿದರು.

"ಅಲ್ಲಿ ನರಗಳು ಕತ್ತರಿಸಿ ಹೋಗಿವೆ. ಕೆಂಡ ಇಟ್ಟರೂ ಇವರಿಗೆ ತಿಳಿಯಲ್ಲ. ಈಗ ಚರ್ಮ ಸತ್ತಿದೆ, ಸೋಂಕು ಒಳಗೆ ಇಳಿದಿದೆ. ಇಂಪ್ಲಾಂಟ್ ತೆಗೆಯಲೇಬೇಕು."

"ಹಾಟ್ ಬ್ಯಾಗ್ ನಾನೇ ಇಟ್ಕೊಂಡಿದ್ದು," ಎಂದಳು ಚೈತನ್ಯಾ, ತಾಯಿಯ ಕಡೆ ನೋಡದೆ.

"ಸುಳ್ಳು ಹೇಳ್ತಾಳೆ. ನಾನು ಮಾಡಿದ್ದು," ಎಂದಳು ಲೋಲಾಕ್ಷಿ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ತಲೆ ತಗ್ಗಿಸಿ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

"ಮತ್ತೆ ಇಡಬಹುದಾ?" ಜೊತೆಗೆ ಬಂದಿದ್ದ ಜಯೇಶ್ ಕೇಳಿದ.

"ಗಾಯ ಮಾಗಲಿ. ತಿಂಗಳುಗಳು ಹಿಡಿಯುತ್ತೆ. ಭರವಸೆ ಕೊಡಲಾರೆ."

"ನಕೋ," ಎಂದಳು ಚೈತನ್ಯಾ. "ಮತ್ತೆ ಬೇಡ."

ಇಂಪ್ಲಾಂಟ್ ತೆಗೆಸಿಕೊಂಡು ಮನೆಗೆ ಮರಳಿದಾಗ ನೈಟಿಯ ಎಡಭಾಗ ಚಪ್ಪಟೆಯಾಗಿ ಇಳಿಬಿದ್ದಿತ್ತು. ಮಲಗುವ ಕೋಣೆಯ ಕನ್ನಡಿಗೆ ಅವಳು ಬೆಡ್‌ಶೀಟ್ ಹೊದಿಸಲು ಹೇಳಿದಳು. ಜಯೇಶ್ ಹೊದಿಸಿದ. ಬೆಳಿಗ್ಗೆ ಲೋಲಾಕ್ಷಿ ಎಣ್ಣೆ, ಬಾಚಣಿಗೆ ಹಿಡಿದು ಹತ್ತಿರ ಕೂತಳು. ಅವಳ ಬೆರಳು ಹೆಗಲಿಗೆ ತಾಗಿದ್ದೇ ಮಗಳು ಮುದುಡಿಕೊಂಡಳು.

"ಅವರು ಬಾಚಲಿ ಅಮ್ಮ."

"ಅವನಿಗೆ ಜಡೆ ಹಾಕ್ಲಿಕ್ಕೆ ಬರ್ತದಾ ಮಾರಾಯ್ತಿ?"

"ಬರಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಮುಟ್ಟಿದ್ರೆ ಮೈ ನಡುಗ್ತದೆ. ನಾನೇನು ಮಾಡ್ಲಿ?"

ಲೋಲಾಕ್ಷಿ ಬಾಚಣಿಗೆಯನ್ನು ಅಳಿಯನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಗಂಜಿಗೆ ಅಕ್ಕಿ ತೊಳೆದಿಟ್ಟಳು, ಗ್ಯಾಸು ಹಚ್ಚಲು ಕೈ ಬರಲಿಲ್ಲ. ಸಿಕ್ಕು ಎಳೆದಾಗ ಮಗಳು "ಮೆಲ್ಲಗೆ ರೀ" ಎನ್ನುವುದು ಒಳಗಿನಿಂದ ಕೇಳುತ್ತಿತ್ತು.