ಬಲಗಡೆ ಬಿಟ್ಟ ಜಾಗ

ನಾನು ಜಗಲಿಯ ಮೇಲೆ ಕೂತು ಬರೆಯತೊಡಗಿದ ಮೇಲೆ ನಮ್ಮ ವಠಾರದ ನಲ್ಲಿಯ ಹತ್ತಿರ ಜಗಳಗಳು ನಿಂತುಹೋದವು. ಮೊದಮೊದಲು ಅದನ್ನು ಓದಿದವನಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಎಪ್ಪತ್ತಾರನೇ ಇಸವಿ, ತುರ್ತು ಪರಿಸ್ಥಿತಿಯ ಕಾಲ. ಗುಬ್ಬಿಯವನಾದ ನಾನು ಬಿ.ಎ. ಮುಗಿಸಿ, ಬೇರೇನೂ ಸಿಗದೆ, ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಪ್ರೂಫ್ ತಿದ್ದುತ್ತಿದ್ದೆ. ಮದುವೆಯಾಗದ ಗಂಡಸಿಗೆ ಯಾರೂ ಮನೆ ಕೊಡದಿದ್ದಾಗ ಇಸಾಕ್ ಸಾಬರು ತಮ್ಮ ವಠಾರದಲ್ಲಿ ಒಂದು ಕೋಣೆ ಕೊಟ್ಟಿದ್ದರು. ಅದು ತಪ್ಪಿದರೆ ನನಗೆ ಗುಬ್ಬಿಗೆ ವಾಪಸು ಹೋಗುವುದೊಂದೇ ದಾರಿ.

ದಿನಚರಿ ಬರೆಯುವ ಅಭ್ಯಾಸ ಮೊದಲಿಂದಲೂ ಇತ್ತು. ಎದ್ದೆ, ಪ್ರೆಸ್ಸಿಗೆ ಹೋದೆ, ಬಂದೆ, ಮಲಗಿದೆ. ಕಾಲೇಜಿನ ಗೆಳೆಯ ಗುರುಸಿದ್ದಯ್ಯ ಒಂದು ಭಾನುವಾರ ಬಂದು ಅದನ್ನು ನೋಡಿ ನಕ್ಕ. ಅವನು ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು.

"ಇದೇನ್ಲಾ ರಂಗಣ್ಣ, ಡೈರಿನೋ ಬಸ್ ಟೈಮ್‌ಟೇಬಲ್ಲೋ? ದಿನಕ್ಕೊಂದ್ ವಿಷ್ಯ ಹಿಡ್ಕೊ ಕಣೋ. ಒಂದಿನ ಬರೀ ಕಿವಿಗೆ ಬಿದ್ದಿದ್ದು. ಒಂದಿನ ಮೂಗಿಗೆ ಬಂದಿದ್ದು. ಒಂದಿನ ಸತ್ತೋದೋರ್ಗೆ ಒಂದು ಕಾಗ್ದ ಬರಿ. ಒಂದಿನ ನಿನಗೇನು ಭಯ ಅನ್ನೋದನ್ನ ಬರಿ."

ಹೊರಡುವಾಗ ಬ್ಯಾಗನ್ನು ಹೆಗಲಿಗೇರಿಸುತ್ತ ಇನ್ನೊಂದು ಹೇಳಿದ: "ವಠಾರದಾಗೆ ಇದೀಯ, ಮನೆಮನೆ ಬಗ್ಗೆ ಬರಿ. ಯಾರವ್ರೆ, ಎಷ್ಟ್ ಮಕ್ಳು, ಏನ್ ಮಾತಾಡ್ಕತಾರೆ. ಇನ್ನೊಂದ್ ತಿಂಗ್ಳಿಗೆ ಬಂದು ನಾನೇ ನೋಡ್ತೀನಿ."

ಆ ಮಾತು ನನ್ನೊಳಗೆ ಕಿಟಕಿ ತೆಗೆದಂತಾಯಿತು. ಮೊದಲು ಸದ್ದುಗಳನ್ನು ಬರೆದೆ: ಎದುರು ಮನೆಯ ಗಿರಿಯಮ್ಮ ಬಕೆಟ್ಟನ್ನು ಕುಕ್ಕುವುದು, ವಠಾರದೊಳಗೆ ಕಾಲಿಡುವ ಮುಂಚೆ ಇಸಾಕ್ ಸಾಬರು ಕೆಮ್ಮುವುದು, ಗಿರಿಯಮ್ಮನ ಗಂಡ ಯಲ್ಲಯ್ಯ ಕೆಲಸದಿಂದ ಬಂದು ಸೈಕಲ್ ಸ್ಟ್ಯಾಂಡ್ ಒದೆಯುವುದು. ಆಮೇಲೆ ವಾಸನೆಗಳು. ಆಮೇಲೆ ಮನೆಗಳು. ಎಡಗಡೆ ಹೆಸರು, ಅವರಾಡಿದ ಮಾತು. ಮಾತಿಗಿಂತ ಮಾತು ನಿಲ್ಲುವ ಕ್ಷಣಗಳೇ ನನ್ನನ್ನು ಎಳೆಯುತ್ತಿದ್ದುದರಿಂದ ಪ್ರತಿ ಹೆಸರಿನ ಎದುರಿಗೂ ಬಲಗಡೆ ಜಾಗ ಬಿಡುತ್ತಿದ್ದೆ. ಅದು ಮೌನದ ಪಾಲು.

ಕ್ರಮೇಣ ಎಲ್ಲವೂ ಆ ಬಲಗಡೆಗೇ ಸೇರತೊಡಗಿತು. ನಾನು ಕೊಡ ಹಿಡಿದು ಹೋದರೆ ನಲ್ಲಿಯ ಬಳಿಯ ಹೆಂಗಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಯಲ್ಲಯ್ಯನ ಸೈಕಲ್ ಸ್ಟ್ಯಾಂಡಿನ ಸದ್ದೂ ನಿಂತಿತು.

ಒಂದು ಬೆಳಿಗ್ಗೆ ಇಸಾಕ್ ಸಾಬರು ಕೆಮ್ಮದೆ ಬಂದರು.

"ರಂಗಣ್ಣೋರೆ, ಬೇರೆ ರೂಮ್ ನೋಡ್ಕೊಳಿ. ನನ್ ತಮ್ಮನ ಮಗ ಬರ್ತಾವ್ನೆ."

ಹಿಂದೆ ನಿಂತಿದ್ದ ಗಿರಿಯಮ್ಮನಿಗೆ ತಡೆಯಲಾಗಲಿಲ್ಲ. "ಸುಳ್ಳ್ ಯಾಕೆ ಹೇಳ್ತೀರಾ ಸಾಬ್ರೆ? ಏನಪ್ಪಾ, ನೀನ್ ನೀರಿಗೋದಾಗ ಬುಕ್ಕು ಜಗಲಿ ಮ್ಯಾಲಿತ್ತು. ನಮ್ ಯಜಮಾನ್ರು ಓದುದ್ರು. ಅವ್ರ್ ಹೆಸ್ರು ಬರ್ದು ಪಕ್ಕದಾಗೆ ಜಾಗ ಬಿಟ್ಟಿದೀಯಲ್ಲ, ಅದು ಹೆಬ್ಬೆಟ್ ಒತ್ಸೋಕೆ ತಾನೆ?"

"ಹೆಬ್ಬೆಟ್ಟಾ? ಯಾಕೆ?"

"ಮಕ್ಳಾಗ್ದಂಗ್ ಮಾಡೋ ಆಪರೇಷನ್‌ಗೆ! ಇಷ್ಟ್ ಗಂಡಸ್ರುನ್ನ ಕರ್ಕೊಂಬರ್ಬೇಕು ಅಂತ ಮೇಷ್ಟ್ರುಗುಳ್ಗೆಲ್ಲ ಕೋಟಾ ಹಾಕವ್ರೆ. ನಿನ್ ಫ್ರೆಂಡು ಬಂದು ಹೋದ್ಮೇಲೇ ತಾನೆ ನೀನ್ ಬರ್ಯಕ್ಕೆ ಕುಂತಿದ್ದು? ನಮ್ಮೋರು ಹೆದರ್ಕೊಂಡು ಹಿರೇಹಳ್ಳಿ ವರ್ಕ್‌ಶಾಪ್‌ನಾಗೇ ಮಲಗ್ತಾವ್ರೆ."

ನಾನು ನಕ್ಕುಬಿಟ್ಟೆ. ಬೇರೆ ಯಾರೂ ನಗಲಿಲ್ಲ. ಪುಸ್ತಕ ತಂದು ಅವರೆದುರೇ ಓದಿದೆ: "ಗಿರಿಯಮ್ಮ: ಸಾರಿಗೆ ಉಪ್ಪು ಸಾಲ್ದು ಅಂದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ? ಯಲ್ಲಯ್ಯ..."

"ಹೂಂ, ಯಲ್ಲಯ್ಯ ಏನಂದ?" ಎಂದರು ಸಾಬರು.

"ಏನೂ ಅನ್ನಲಿಲ್ಲ. ಅದಕ್ಕೇ ಖಾಲಿ."

"ಮಾತಾಡ್ದೆ ಇದ್ದಿದ್ದಕ್ಕೂ ಜಾಗ ಬಿಡ್ತೀರಾ? ಪ್ರೆಸ್ಸಲ್ಲಿದ್ದೂ ಪೇಪರ್ ರೇಟ್ ಗೊತ್ತಿಲ್ವಾ ಸ್ವಾಮಿ?"

ಗಿರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಧೈರ್ಯ ಬಂದು ಮುಂದಿನ ಸಾಲನ್ನೂ ಓದಿದೆ: "ನಾಲ್ಕು ಮಕ್ಕಳು." ಅಲ್ಲಿಗೆ ನನ್ನ ದನಿಯೇ ನಿಂತಿತು.

"ಇದ್ನೂ ನೀವು ಕಿವಿಯಿಂದ್ಲೇ ಕೇಳಿಸ್ಕೊಂಡ್ರಾ?" ಸಾಬರು ಮೆಲ್ಲಗೆ ಕೇಳಿದರು.

ಅಲ್ಲ. ಅದು ಗುರುಸಿದ್ದಯ್ಯನ ಪ್ರಶ್ನೆ. ಸದ್ದು, ವಾಸನೆ, ಭಯ ಎಲ್ಲ ಸರಿ. ದಿನಚರಿಗೆ ಮಕ್ಕಳ ಲೆಕ್ಕ ಯಾಕೆ ಬೇಕಿತ್ತು? ಬಂದು ನಾನೇ ನೋಡುತ್ತೇನೆ ಎಂದು ಯಾಕೆ ಅಂದ? ಕಾಲೇಜಿನಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೆ ಯೋಚನೆ ನಿಲ್ಲಲಿಲ್ಲ.

"ಮೇಷ್ಟ್ರು ಇನ್ನೊಂದ್ಸಲ ಬರ್ತಾರಲ್ಲ, ಬರ್ಲಿ. ಆಮೇಲ್ ರೂಮಿನ ಮಾತು," ಎಂದು ಸಾಬರು ಹೊರಟರು.

ಮನೆಗಳ ಬಗ್ಗೆ ಬರೆದ ಹಾಳೆಗಳನ್ನು ಹರಿದು, ಗಿರಿಯಮ್ಮ ನೋಡುತ್ತಿರುವಂತೆಯೇ ಅವಳ ನೀರೊಲೆಗೆ ಹಾಕಿದೆ. ಅವಳು ಕಡ್ಡಿಯಿಂದ ಬೂದಿಯನ್ನು ಕೆದಕಿ ಕೆದಕಿ ನೋಡಿದಳು.

ಗುರುಸಿದ್ದಯ್ಯ ಹೇಳಿದಂತೆಯೇ ಬಂದ. ಸೊರಗಿದ್ದ. ಜಗಲಿಯ ಮೇಲೆ ಕೂತು, ನೀರು ಕುಡಿದು, ಮೊದಲ ಮಾತೇ ಅದು: "ಎಲ್ಲಿ, ತೋರ್ಸು."

ಕೊಟ್ಟೆ. ವಠಾರದಲ್ಲಿ ಎಲ್ಲರಿಗೂ ಒಮ್ಮೆಲೇ ಹೊರಗೆ ಕೆಲಸ ಬಂದಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಬಾಗಿಲ ಹತ್ತಿರ ಇಸಾಕ್ ಸಾಬರು ಬೀಗಕ್ಕೆ ಎಣ್ಣೆ ಹಾಕುತ್ತಿದ್ದರು. ಗುರುಸಿದ್ದಯ್ಯ ಸದ್ದಿನ ಪುಟಗಳನ್ನು ಬೇಗ ತಿರುವಿದ. ವಾಸನೆಯ ಪುಟಗಳನ್ನು ಇನ್ನೂ ಬೇಗ. ಹರಿದ ಅಂಚು ಸಿಕ್ಕಾಗ ನಿಂತ. ಅದರ ಮೇಲೆ ಬೆರಳಾಡಿಸಿದ.

"ಇಲ್ಲೇನಿತ್ತು?"

ನಾನು ಮಾತಾಡಲಿಲ್ಲ. ಪಾತ್ರೆಗಳ ಸದ್ದೂ ನಿಂತಿತು.

"ಮನೆಗುಳ್ದಾ?"

ಅವನು ಸುತ್ತ ನಿಂತವರನ್ನು ನೋಡಿದ, ನನ್ನನ್ನು ನೋಡಿದ, ಪುಸ್ತಕ ಮುಚ್ಚಿ ನನ್ನ ಪಕ್ಕಕ್ಕಿಟ್ಟ.

"ಸದ್ದಿನ್ದು ಚೆನ್ನಾಗ್ ಬರ್ದಿದೀಯ ಕಣೋ," ಎಂದ, ನೆಲ ನೋಡುತ್ತ. "ಬರ್ತೀನಿ. ಕುಣಿಗಲ್ ಬಸ್ ತಪ್ಪೋಗುತ್ತೆ."

ಇನ್ನೂ ಬೆಳಿಗ್ಗೆ, ಬಸ್ಸುಗಳು ಬೇಕಾದಷ್ಟಿದ್ದವು. ಎದ್ದಾಗ ಅವನ ಬ್ಯಾಗಿನ ಬಾಯಿ ತೆರೆದೇ ಇತ್ತು. ನಾನು ಒಳಗೆ ನೋಡಲಿಲ್ಲ.

ಅವನು ತಿರುವು ದಾಟಿದ ಮೇಲೆ ಇಸಾಕ್ ಸಾಬರು ಜೋರಾಗಿ ಕೆಮ್ಮಿದರು. "ನನ್ ತಮ್ಮನ ಮಗ ಬರಲ್ವಂತೆ ಸ್ವಾಮಿ."

ಸಂಜೆ ಯಲ್ಲಯ್ಯನ ಸೈಕಲ್ ಸ್ಟ್ಯಾಂಡಿನ ಸದ್ದು ಕೇಳಿಸಿತು. ಅದನ್ನು ಬರೆದುಕೊಂಡೆ. ಕೆಳಗಿನ ಸಾಲಿನಲ್ಲಿ ಗುರುಸಿದ್ದಯ್ಯ ಎಂದು ಬರೆದು, ಬಲಗಡೆ ಜಾಗ ಬಿಟ್ಟೆ.

ಅವನು ಮತ್ತೆ ಬರಲಿಲ್ಲ.