ರಿವರ್ಸ್ ಬೀಳದ ಪಿಕಪ್

ಪಿಕಪ್ಪಿನ ಹಿಂಬದಿಯ ಬಾಗಿಲು ಇಳಿಸಿ ಮೆಕ್ಯಾನಿಕ್ ಮೇಲೆ ಹತ್ತಿದ. ಮರದ ಹೊಟ್ಟು, ಹಗ್ಗದ ತುಂಡು, ಬೀರುವಿಗೆ ಸುತ್ತಿದ್ದ ರಟ್ಟು, ನಿನ್ನೆಯ ಕೆಲಸದ ಕಸವೆಲ್ಲ ಹಾಗೇ ಬಿದ್ದಿತ್ತು. ಅವನು ಗುಡಿಸುತ್ತಾ ಹೋದ. ಎದುರುಮನೆಯ ಟೈಲರ್ ಕೆಳಗೆ ನಿಂತು ಬಕೆಟ್ಟಿನಲ್ಲಿ ನೀರು ಎತ್ತಿಕೊಟ್ಟ.

‘ಬಾಡಿಗೆಗೆ ಒಂದು ಒಳ್ಳೆ ವ್ಯಾನ್ ಸಿಗ್ತಿತ್ತಪ್ಪ,’ ಎಂದ ಟೈಲರ್. ‘ಇದು ದಾರಿಲಿ ಕೈಕೊಟ್ರೆ ಏನ್ ಗತಿ?’

‘ಅಣ್ಣನ್ನ ಇದ್ರಲ್ಲೇ ಕಳಿಸ್ಬೇಕು ಅಂದ್ರು ಅವರ ಹೆಂಡ್ತಿ. ಮುಗೀತಲ್ಲ.’

ಸತ್ತವನನ್ನು ಇಡೀ ಬೀದಿ ಪಿಕಪ್ಪಣ್ಣ ಎಂದೇ ಕರೆಯುತ್ತಿತ್ತು. ಬಡಗಿಗಳ ಅಂಗಡಿಯಿಂದ ಮಂಚ, ಮೇಜು, ಬೀರು ಹೇರಿಕೊಂಡು ಊರೆಲ್ಲ ಇಳಿಸಿ ಬರುವುದು ಅವನ ಕೆಲಸ. ನಿನ್ನೆ ಒಂದು ಮನೆಗೆ ಬೀರು ಇಳಿಸಿ, ಅವರ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ಅವರು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಗಾಡಿಯನ್ನು ಅಲ್ಲಿಂದ ತಂದು ಓಣಿಯಲ್ಲಿ ನಿಲ್ಲಿಸಿದವನು ಮೆಕ್ಯಾನಿಕ್ಕೇ.

ಈ ಓಣಿ ಆ ತುದಿಯಲ್ಲಿ ಗೋಡೆಗೆ ಮುಗಿಯುತ್ತದೆ. ಒಳಗೆ ಬಂದ ಗಾಡಿಗೆ ತಿರುಗಲು ಜಾಗವಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ರಿವರ್ಸ್ ಗೇರ್ ಬೀಳದ ಗಾಡಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಯಾರಾದರೂ ಮುಂದೆ ನಿಂತು ತಳ್ಳಬೇಕಿತ್ತು. ಯಾರಾದರೂ ಏನು, ಪಿಕಪ್ಪಣ್ಣನ ತಮ್ಮನೇ ತಳ್ಳುತ್ತಿದ್ದ.

ಆ ತಮ್ಮ ಪಕ್ಕದಲ್ಲೇ ಇದ್ದ ತನ್ನ ಮನೆಯ ಗೇಟಿನಲ್ಲಿ ನಿಂತಿದ್ದ. ಬೆಳಗಿನಿಂದ ನಿಂತೇ ಇದ್ದಾನೆ, ಅಣ್ಣನ ಮನೆಯೊಳಗೆ ಕಾಲಿಟ್ಟಿಲ್ಲ. ಪಿಕಪ್ಪಣ್ಣನ ಮಗಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಅವನ ಹತ್ತಿರ ಹೋದಳು.

‘ಒಳಗೆ ಬನ್ನಿ ಚಿಕ್ಕಪ್ಪ. ಒಂದ್ಸಲ ಮುಖ ನೋಡಿ.’

‘ನಿಮ್ಮಪ್ಪ ಕರೆದಿದ್ರೆ ಬರ್ತಿದ್ದೆ ಕಣಮ್ಮ. ಕರೀಲೇ ಇಲ್ಲ. ಈಗ ಬೇಡ ಅನ್ನೋಕೆ ಅವನಿಗೆ ಬಾಯಿಲ್ಲ ಅಂತ ನುಗ್ಗಲಾ?’

ಮಗಳು ಹಿಂದಿರುಗಿದಳು. ಗಾಡಿಯ ಮೇಲೆ ನಿಂತಿದ್ದ ಮೆಕ್ಯಾನಿಕ್ ಇದನ್ನೆಲ್ಲ ಕೇಳಿಸಿಕೊಂಡ. ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದ.

*

ಈ ಗಾಡಿ ಕೊಡಿಸಿದ್ದು ತಮ್ಮನೇ. ಆಗ ಅವನು ಹಳೇ ಗಾಡಿಗಳ ದಲ್ಲಾಳಿ. ‘ಗೇರ್‌ಬಾಕ್ಸ್ ಬೆಣ್ಣೆ ಥರ ಇದೆ ಅಣ್ಣ, ಕಣ್ಣು ಮುಚ್ಕೊಂಡು ತಗೋ,’ ಎಂದಿದ್ದ. ಅಣ್ಣ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡ. ತಿಂಗಳು ತುಂಬುವ ಮೊದಲೇ ಬೆಣ್ಣೆ ಕರಗಿತು.

ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಒಳಗೆ ಜೇನಿನಷ್ಟು ಗಟ್ಟಿ ಎಣ್ಣೆ. ಗರಗರ ಸದ್ದು ಅಡಗಿಸಲು ಹಿಂದಿನ ಮಾಲೀಕ ಸುರಿದದ್ದು. ಅದರ ತಳದಲ್ಲಿ ರಿವರ್ಸ್ ಗೇರಿನ ಮುರಿದ ಹಲ್ಲುಗಳು. ‘ಇದು ನಿನ್ನ ತಮ್ಮನಿಗೂ ಗೊತ್ತಿರಲಿಕ್ಕಿಲ್ಲ,’ ಎಂದು ಅವನು ಹೇಳುತ್ತಲೇ ಇದ್ದ. ಕೇಳುವವರಾರು? ಪಿಕಪ್ಪಣ್ಣ ಗ್ಯಾರೇಜಿನಲ್ಲಿ ನಾಲ್ಕು ಜನರ ಎದುರಿಗೇ ಅಂದುಬಿಟ್ಟ: ‘ಊರಿಗೆಲ್ಲ ಟೋಪಿ ಹಾಕಿದ್ದು ಸಾಲದೆ ಒಡಹುಟ್ಟಿದವನಿಗೂ ಹಾಕಿದೆಯಲ್ಲೋ.’

ಅಲ್ಲೇ ಇದ್ದ ತಮ್ಮ ಗ್ಯಾರೇಜಿನಿಂದ ಹೊರಗೆ ನಡೆದುಬಿಟ್ಟ. ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟ, ದಲ್ಲಾಳಿ ಕೆಲಸವನ್ನೂ ಬಿಟ್ಟ. ಆದರೆ ಮರುದಿನ ಬೆಳಿಗ್ಗೆ ಅಣ್ಣ ಗಾಡಿಯಲ್ಲಿ ಕೂತು ಯಾರನ್ನು ಕರೆಯಲಿ ಎಂದು ಅತ್ತಿತ್ತ ನೋಡುತ್ತಿದ್ದಾಗ, ಬಂದು ಬಾನೆಟ್ಟಿಗೆ ಎರಡೂ ಕೈ ಕೊಟ್ಟ. ಓಣಿಯ ಬಾಯಿಯವರೆಗೂ ತಳ್ಳಿ, ಕೈ ಒರೆಸಿಕೊಂಡು ಮನೆಗೆ ಹೋದ. ಅದೇ ರೂಢಿಯಾಯಿತು.

‘ಮಾತು ಬೇಡ, ತಳ್ಳೋದು ಬೇಕಾ?’ ಎಂದು ಟೈಲರ್ ಒಮ್ಮೆ ಛೇಡಿಸಿದ್ದ.

‘ಕೆಟ್ಟ ಗಾಡಿ ಕೊಡಿಸಿದ್ದು ನಾನಲ್ವಾ,’ ಎಂದನಂತೆ ತಮ್ಮ.

*

ಪಿಕಪ್ಪಣ್ಣನನ್ನು ಹೊರಗೆ ತಂದು ಗಾಡಿಯಲ್ಲಿ ಮಲಗಿಸಿದರು. ಹೆಂಡತಿ ಪಕ್ಕದಲ್ಲಿ ನಿಂತು ಬಿಳಿ ಬಟ್ಟೆಯನ್ನು ಸರಿಮಾಡಿದಳು.

‘ಅಣ್ಣ ತಮ್ಮ ಇಬ್ಬರದೂ ಒಂದೇ ಹಠ,’ ಎಂದಳು ಮೆಕ್ಯಾನಿಕ್ಕಿಗೆ. ‘ಆ ಹಾಳು ಕೋಪಾನ ಇಲ್ಲೇ ಬಿಟ್ಟು ಹೋಗ್ಬಾರ್ದಿತ್ತಾ ಇವರು?’

ಮೆಕ್ಯಾನಿಕ್ ಡ್ರೈವರ್ ಸೀಟಿಗೆ ಹತ್ತಿದ. ತಳ್ಳಲು ನಾಲ್ಕೈದು ಮಂದಿ ಮುಂದೆ ಬಂದರು. ಅಷ್ಟರಲ್ಲಿ ತಮ್ಮ ಗೇಟಿನಿಂದ ಬಂದು ಅವರನ್ನೆಲ್ಲ ಪಕ್ಕಕ್ಕೆ ಸರಿಸಿದ.

‘ನೀವ್ಯಾರೂ ಬೇಡ. ನಂಗೊತ್ತು ಇದನ್ನ ಹೇಗೆ ತಳ್ಳೋದು ಅಂತ.’ ಬಾನೆಟ್ಟಿನ ಮೇಲೆ ಕೈಯಿಟ್ಟು, ತನ್ನಷ್ಟಕ್ಕೆ ಎಂಬಂತೆ ಅಂದ: ‘ಇಷ್ಟು ವರ್ಷದಲ್ಲಿ ಒಂದು ದಿನಾನೂ ಸಾಕು ಬಿಡೋ ಅನ್ಲಿಲ್ಲ. ಅಷ್ಟು ಸಿಟ್ಟಿತ್ತು ಅವನಿಗೆ.’

*

ಕಂಪನಿ ಈ ಮಾದರಿಯ ಗಾಡಿ ಮಾಡುವುದನ್ನೇ ನಿಲ್ಲಿಸಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕೊನೆಗೊಮ್ಮೆ ಗುಜರಿಯಲ್ಲಿ ಇಂಥದ್ದೇ ಒಂದು ಗಾಡಿ ಮೆಕ್ಯಾನಿಕ್ಕಿನ ಕಣ್ಣಿಗೆ ಬಿತ್ತು. ಮೂತಿ ಜಜ್ಜಿಹೋಗಿತ್ತು, ಗೇರ್‌ಬಾಕ್ಸ್ ಮಾತ್ರ ಗಟ್ಟಿಯಾಗಿತ್ತು. ತಂದು ಕೂರಿಸಿದ. ಪಿಕಪ್ಪಣ್ಣ ಗ್ಯಾರೇಜಿನ ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಿ ಬಾಯ್ತುಂಬ ನಕ್ಕ. ಆಮೇಲೆ ಎಂಜಿನ್ ನಿಲ್ಲಿಸಿ ಗೇರಿನ ಹಿಡಿಯನ್ನೇ ನೋಡುತ್ತಾ ಕೂತ.

‘ಏನಣ್ಣ, ಮತ್ತೆ ಸದ್ದು ಬರ್ತಿದೆಯಾ?’

‘ಗಾಡಿ ಸರಿಹೋಯ್ತು ಅಂದ್ರೆ ಅವನು ಬರೋದು ನಿಂತೋಗುತ್ತಲ್ಲೋ.’

‘ಹೋಗಿ ಮಾತಾಡ್ಸಣ್ಣ. ತಪ್ಪಾಯ್ತು ಅನ್ನು.’

‘ಗಂಟಲ ತನಕ ಬರುತ್ತೆ, ಬಾಯಿಗೆ ಬರಲ್ಲ. ತಳ್ಳುವಾಗ ಗಾಜಿನಾಚೆ ಅವನ ಮುಖ ಇರುತ್ತೆ ನೋಡು, ದಿನಕ್ಕೊಂದ್ಸಲ ಅಷ್ಟಾದ್ರೂ ಸಿಗ್ಲಿ. ನೀನು ಯಾರ ಹತ್ರಾನೂ ಹೇಳ್ಬೇಡ.’

ಎಂಥ ಮೊಂಡರಪ್ಪ ಇವರು ಎಂದು ಮೆಕ್ಯಾನಿಕ್ಕಿಗೆ ಸಿಟ್ಟೇ ಬಂದಿತ್ತು. ಆದರೂ ಹೇಳಲಿಲ್ಲ. ಅಂದಿನಿಂದ ಊರಲ್ಲೆಲ್ಲ ಸಲೀಸಾಗಿ ಹಿಂದಕ್ಕೆ ಹೋಗುತ್ತಿದ್ದ ಗಾಡಿ ಈ ಓಣಿಯಲ್ಲಿ ಮಾತ್ರ ಹೋಗುತ್ತಿರಲಿಲ್ಲ.

*

ಈಗ ಆ ಮುಖ ಮೆಕ್ಯಾನಿಕ್ಕಿನ ಎದುರಿಗಿತ್ತು. ಹೇಳಿದರೆ, ಅಣ್ಣ ನನ್ನನ್ನು ಕತ್ತೆಯ ಹಾಗೆ ದುಡಿಸಿಕೊಂಡು ನಕ್ಕನಲ್ಲ ಎಂದುಕೊಂಡಾನು. ಹೇಳದಿದ್ದರೆ, ಇಲ್ಲದ ಕೋಪವೊಂದನ್ನು ಸಾಯುವ ತನಕ ಹೊತ್ತು ತಿರುಗುತ್ತಾನೆ. ಮೆಕ್ಯಾನಿಕ್ ಕೆಳಗಿಳಿದು ಅವನ ಪಕ್ಕಕ್ಕೆ ಬಂದ.

‘ತಳ್ಳೋದು ಬೇಕಾಗಿಲ್ಲ. ರಿವರ್ಸ್ ಬೀಳುತ್ತೆ.’

‘ಯಾವಾಗ ಮಾಡ್ದೆ? ನಿನ್ನೆನಾ?’

‘ನಿಮ್ಮಣ್ಣನ ಮಗಳ ಮದುವೆಗೆ ಮುಂಚೇನೇ.’

ತಮ್ಮ ಬಾನೆಟ್ಟಿನಿಂದ ಕೈ ತೆಗೆದ. ‘ಅವಳ ಮಗು ಈಗ ಸ್ಕೂಲಿಗೆ ಹೋಗುತ್ತೆ,’ ಎಂದ ನಿಧಾನವಾಗಿ. ‘ಅಂದ್ರೆ ಅಲ್ಲಿಂದ ಇಲ್ಲೀತನಕ ನನ್ನನ್ನ ಆಟ ಆಡಿಸ್ದ.’

‘ಗಾಡಿ ಸರಿಹೋದ್ರೆ ನೀನು ಬರೋದು ನಿಂತೋಗುತ್ತೆ ಅಂದ. ತಪ್ಪಾಯ್ತು ಅನ್ನೋಕೆ ಬಾಯಿ ಬರಲ್ಲ, ದಿನಾ ಮುಖ ಆದ್ರೂ ನೋಡ್ತೀನಿ ಅಂದ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಕಟ್ಟಿಹಾಕಿದ್ದ.’

ತಮ್ಮ ಗಾಡಿಯ ಬದಿಗೆ ನಡೆದು ಹೋಗಿ, ಮೊದಲ ಬಾರಿಗೆ ಬಗ್ಗಿ ಅಣ್ಣನ ಮುಖ ನೋಡಿದ. ಅತ್ತಿಗೆ ಜಾಗ ಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಅವನು ಮತ್ತೆ ಮುಂದಕ್ಕೆ ಬಂದ.

‘ಹತ್ತು,’ ಎಂದ ಮೆಕ್ಯಾನಿಕ್ಕಿಗೆ. ‘ಎಂಜಿನ್ ಬೇಡ. ನ್ಯೂಟ್ರಲ್‌ಗೆ ಹಾಕು.’

ಗಾಡಿ ಅಲುಗಿತು. ಹೆಂಡತಿ, ಮಗಳು ಬದಿಯ ಹಲಗೆ ಹಿಡಿದು ಜೊತೆಗೆ ನಡೆದರು. ಕನ್ನಡಿಯಲ್ಲಿ ಹಿಂದಿನ ದಾರಿ ನೋಡುತ್ತಿದ್ದ ಮೆಕ್ಯಾನಿಕ್ ಒಮ್ಮೆ ಮುಂದಕ್ಕೆ ತಿರುಗಿದ. ಬಾನೆಟ್ಟಿನ ಮೇಲೆ ಭಾರ ಹಾಕಿದ್ದ ತಮ್ಮನ ಕಣ್ಣು ಅವನನ್ನು ದಾಟಿ ಹಿಂದೆ ಮಲಗಿದವನ ಕಡೆಗೆ ನೆಟ್ಟಿತ್ತು, ತುಟಿ ಆಡುತ್ತಿತ್ತು. ಬೈಯುತ್ತಿದ್ದನೋ, ಲೆಕ್ಕ ಕೇಳುತ್ತಿದ್ದನೋ, ಒಂದೇ ಸಮನೆ ಮಾತಾಡುತ್ತಿದ್ದ. ಆ ಮಾತು ತನಗಲ್ಲ ಎಂದು ಮೆಕ್ಯಾನಿಕ್ ಕಿಟಕಿಯ ಗಾಜನ್ನು ಪೂರ್ತಿ ಏರಿಸಿಕೊಂಡ.

ಓಣಿಯ ಬಾಯಿ ದಾಟಿ ಗಾಡಿ ರಸ್ತೆಗೆ ಬಂತು. ಟೈಲರ್ ಸಾಕು ಸಾಕು ಎಂದು ಕೈ ಮಾಡಿದ. ತಮ್ಮ ಇನ್ನೂ ಮಾತಾಡುತ್ತಲೇ ಇದ್ದ. ಮೆಕ್ಯಾನಿಕ್ ಬ್ರೇಕ್ ಒತ್ತಲಿಲ್ಲ.