ಪಟ್ಟಿಯ ಕಡೇ ಪಾಡವಾ

ಸೊಲ್ಲಾಪುರದ ಸಾತಲಿಂಗಪ್ಪನವರ ಚಾದರದ ಅಂಗಡಿಗೆ ವರ್ಷ ಶುರುವಾಗುವುದು ದೀಪಾವಳಿಯ ಪಾಡವಾ, ಅಂದರೆ ಬಲಿಪಾಡ್ಯಮಿಯ ದಿನ. ಸರಕಾರದ ವರ್ಷ ಏಪ್ರಿಲಿಗೆ ಬರಲಿ, ಗೋಡೆಯ ಕ್ಯಾಲೆಂಡರಿನ ವರ್ಷ ಜನವರಿಗೆ ಬರಲಿ, ಅವರಿಗೆ ಅದರ ಗೊಡವೆಯಿಲ್ಲ. ಅಂಗಡಿಯ ಹಳೇ ಕಂಪ್ಯೂಟರಿಗೂ ಅದೇ ರೂಢಿ. ಪಾಡವಾದ ಬೆಳಿಗ್ಗೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತಿದರೆ ಕರೀ ಪರದೆಯ ಮೇಲೆ ಹೊಸ ವರ್ಷದ ಲೆಕ್ಕ ತೆರೆಯುತ್ತಿತ್ತು. ಈ ಸಲ ಗುಂಡಿ ಒತ್ತುವವಳು ಸೊಸೆ ಸಾರಿಕಾ, ಅಂದಿನಿಂದ ಯಜಮಾನರ ಗಾದಿಯ ಮೇಲೆ ಕೂಡುವವಳೂ ಅವಳೇ ಎಂದು ಸಾತಲಿಂಗಪ್ಪನವರು ಹೇಳಿದ್ದರು. ಆ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಗಾದಿ ಏರಿದ್ದೇ ಇಲ್ಲ. ಸಾರಿಕಾಳ ಕಾಲು ನೆಲದ ಮೇಲಿರಲಿಲ್ಲ.

ದಸರೆ ಮುಗಿದ ಮೇಲೆ ಸುಮ್ಮನೆ ಅಭ್ಯಾಸಕ್ಕೆಂದು ಆ ಗುಂಡಿ ಒತ್ತಿ ನೋಡಿದಳು. ತಾರೀಖು ಬರಬೇಕಾದ ಜಾಗದಲ್ಲಿ ‘ಪಾಡವಾ ನಾಹೀ’ ಎಂದು ಬಂತು. ಅವಳಿಗೆ ನಗು ಬಂತು. ಪಾಡವಾ ಇಲ್ಲದ ದೀಪಾವಳಿಯನ್ನು ಯಾರಾದರೂ ಕಂಡಿದ್ದಾರೆಯೇ! ಮತ್ತೊಮ್ಮೆ ಒತ್ತಿದಾಗಲೂ ಅದೇ ಬಂತು, ನಗು ಹೋಯಿತು.

ಗಂಡ ಕೈಲಾಸನಿಗೆ ಇಷ್ಟೇ ಸಾಕಾಗಿತ್ತು. “ನಾ ಅವಾಗಿಂದ ಹೇಳಾಕತ್ತೀನಿ, ಈ ಪ್ರೋಗ್ರಾಮ ಜುನಾ ಆಗ್ಯದ. ಮಾಡಿದ ಕಂಪನಿನೇ ಮುಚ್ಚಿ ಹೋಗ್ಯದ. ಪುಣೆದವರ ಹೊಸಾದು ಹಾಕ್ಸೂಣು. ಅವರ ಮನಶ್ಯಾನೇ ಬಂದು ಕುಂತು ನಡಸ್ತಾನ.”

ಅವರ ಮನುಷ್ಯ ಬಂದು ಕೂತರೆ ಸಾರಿಕಾಳ ಗಾದಿ ಹೋದಂತೆಯೇ. ಆದರೆ ಆ ಹೆದರಿಕೆಯ ನಡುವೆಯೂ ಒಂದು ಕುತೂಹಲ ಅವಳನ್ನು ಬಿಡಲಿಲ್ಲ. ಪಾಡವಾ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತದೆ. ಪಂಚಾಂಗ ನೋಡದೆ ಮನುಷ್ಯರಿಗೇ ತಿಳಿಯುವುದಿಲ್ಲ. ಇಷ್ಟು ವರ್ಷ ಈ ಡಬ್ಬಿಗೆ ಯಾರು ಹೇಳುತ್ತಿದ್ದರು?

ಕಂಪನಿಯ ಫೋನು ಹತ್ತಲಿಲ್ಲ. ಮಾವನನ್ನು ಕೇಳಿದಳು.

“ಆ ಕಂಪನ್ಯಾಗಿದ್ದ ಅಕ್ಕಲಕೋಟದ ಉದಯಕುಮಾರ ಈ ಪ್ರೋಗ್ರಾಮ ಬರದಾನ,” ಎಂದರು ಸಾತಲಿಂಗಪ್ಪ. “ಇಲ್ಲೇ ಕುಂತು ಬರದಾನ, ನಿಮ್ಮತ್ತಿ ಮಾಡಿದ ಶೇಂಗಾಹೋಳಿಗಿ ತಿನಕೋತ.”

ಮರುದಿನ ಸಾರಿಕಾ ಆ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಕ್ಕಲಕೋಟದ ಬಸ್ಸು ಹಿಡಿದಳು. ವಳಸಂಗದಲ್ಲಿ ಜನ ಹತ್ತಿ ಇಳಿದರೂ ಅವಳ ತಲೆಯೊಳಗೆ ಅದೊಂದೇ ಪ್ರಶ್ನೆ.

ಉದಯಕುಮಾರನ ಕೂದಲು ನರೆತಿತ್ತು. ಈಗ ನಾಗಣಸೂರಿನಲ್ಲಿ ಹೊಲ ಮಾಡಿಸುತ್ತಿದ್ದ. ಬಂದ ಕಾರಣ ಕೇಳಿ ಬೆರಗಾದ. “ಅದು ಇನ್ನಾ ನಡ್ಯಾಕತ್ತದ ಏನು?” ಬಿಲ್ಲಿನ ಪರದೆ, ಸ್ಟಾಕಿನ ಪರದೆ, ಒಂದೊಂದನ್ನೂ ಬೀಗರ ಕ್ಷೇಮ ಕೇಳಿದಂತೆ ವಿಚಾರಿಸಿದ. ಆಮೇಲೆ ಮಗಳು ಕಾಜಲಳ ಲ್ಯಾಪ್‌ಟಾಪ್ ತೆಗೆದು, ಪೆನ್‌ಡ್ರೈವಿನಲ್ಲಿದ್ದ ಅರ್ಥವಿಲ್ಲದ ಹೆಸರಿನ ಒಂದು ಫೈಲು ತೆರೆದ. ಒಂದರ ಕೆಳಗೊಂದು ತಾರೀಖುಗಳು.

“ಶಾಸ್ತ್ರಿಗೋಳನ್ನ ಕೇಳಿ ಇಷ್ಟೂ ಪಾಡವಾ ಕೈಲೇ ಟೈಪ್ ಹೊಡದಿದ್ದೆ ತಂಗಿ. ಹ್ವಾದ ವರ್ಷದ್ದೇ ಕಡೀದು. ಅಷ್ಟರಾಗ ಯಾರರ ಹೊಸಾದು ಬರೀತಾರ ಅನಕೊಂಡಿದ್ದೆ.”

ಸಾರಿಕಾ ಬಾಗಿ ನೋಡಿದಳು. ದೊಡ್ಡ ಗುಟ್ಟೆಂದು ಬಸ್ಸು ಹತ್ತಿ ಬಂದರೆ ಒಳಗಿದ್ದದ್ದು ಪಂಚಾಂಗ! ಅವಳಿಗೆ ಖುಷಿಯೋ ಖುಷಿ.

“ಈಗ ಎಷ್ಟ ವರ್ಷದ್ದು ಹಾಕ್ಲಿ?” ಎಂದ.

“ಹ್ಯಾಂಗ ಹಾಕೂದು ತೋರಸ್ರಿ ಕಾಕಾ. ನಾನೇ ಹಾಕ್ತೀನಿ.”

ಅವನು ಸರಿದು ಜಾಗ ಕೊಟ್ಟ. ಈ ವರ್ಷದ ಪಾಡವಾ ಬರೆದು ಅವಳು ಮುಂದಿನದಕ್ಕೆ ಕೈ ಹಾಕಿದಳು.

“ನಾ ಎಲ್ಲಾ ಒಮ್ಮೆಲೆ ಹಾಕಿದ್ದೆ,” ಎಂದ ಉದಯಕುಮಾರ. “ಅದಕ್ಕ ನಾನೂ ಅದನ್ನ ಮರತೆ, ನೀವೂ ನನ್ನ ಮರತ್ರಿ.”

ಸಾರಿಕಾ ಕೈ ಹಿಂದಕ್ಕೆ ತೆಗೆದುಕೊಂಡಳು.

ಪಾಡವಾದ ಬೆಳಿಗ್ಗೆ ಕಾಯಿ ಒಡೆದರು, ಸಾರಿಕಾ ಗುಂಡಿ ಒತ್ತಿದಳು. ಹೊಸ ವರ್ಷ ತೆರೆಯಿತು. ಸಾತಲಿಂಗಪ್ಪನವರಿಗೆ ಜೀವ ಬಂದಂತಾಯಿತು.

“ಉದಯಕುಮಾರ ಎಷ್ಟ ವರ್ಷದ್ದು ಹಾಕಿ ಕೊಟ್ಟಾನ?”

“ಒಂದ ವರ್ಷದ್ದರಿ ಮಾವಾರ.”

“ಮುಂದ?” ಎಂದ ಕೈಲಾಸ ಥಟ್ಟನೆ.

“ಮುಂದಿನ ಪಾಡವಾ ನಾ ಹಾಕ್ತೀನ್ರಿ. ಹಾಕಾಕ ನಾ ಗಾದಿ ಮ್ಯಾಲ ಇರಬೇಕಲ್ರಿ?”

ಕೈಲಾಸ ಬಾಯಿ ತೆರೆಯುವಷ್ಟರಲ್ಲಿ ಸಾತಲಿಂಗಪ್ಪ ಕಾಯಿಯ ಹೋಳನ್ನು ಅವನ ಕೈಗಿಟ್ಟರು. ಗಾದಿಯ ಬಿಳೀ ಬಟ್ಟೆಯ ಸುಕ್ಕನ್ನು ತಾವೇ ಸರಿಮಾಡಿ, ಸೊಸೆಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತರು.